ಆಮಿನಮ್ಮನ ಸೊಂಟಪಟ್ಟಿ ಮತ್ತು ಜೋಸ್ಟನ್ನನ ಕಪ್

ಮಸ್ಕತ್ತಿನ ವಾದಿ ಕಬೀರಿನಲ್ಲಿ, ಗ್ಯಾರೇಜು ಸಾಲಿನ ಹಿಂದೆ ಆಮಿನಮ್ಮನ ಅಡುಗೆಮನೆ. ಉಳ್ಳಾಲದವಳು. ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ಬೀಡಿ ಕಟ್ಟಲು ಕುಳಿತವಳು, ಮದುವೆಗೆ ಮುಂಚೆ ತನ್ನ ಬೀಡಿಯ ಕೂಲಿಯಲ್ಲೇ ಒಂದು ಬೆಳ್ಳಿಯ ಸೊಂಟಪಟ್ಟಿ ಮಾಡಿಸಿಕೊಂಡಳು. ಅಪ್ಪ ಕೊಟ್ಟದ್ದಲ್ಲ, ಗಂಡ ಕೊಟ್ಟದ್ದಲ್ಲ. ಮಸ್ಕತ್ತಿಗೆ ಬಂದು ಅಲ್ ಅಜೈಬಾದ ಒಂದು ಮನೆಯಲ್ಲಿ ಪಾತ್ರೆ ತೊಳೆದಳು, ಬೈಗುಳ ತಿಂದಳು, ಕೊನೆಗೆ ಮೆಕ್ಯಾನಿಕ್ ಗಂಡ ಇಸುಬುವಿನ ಜೊತೆ ಸೇರಿ ಸ್ವಂತ ಒಲೆ ಹೂಡಿದಳು.

ಆ ಒಲೆಯ ಬಿರಿಯಾನಿಯ ಮೇಲೆ ನಿಂತಿದ್ದದ್ದು ಕರಾವಳಿ ಕೂಟ. ಊರಿನವರ ಸಂಘ. ತಿಂಗಳಿಗೊಂದು ಸಭೆ, ಒಂದು ಹೊತ್ತು ಪುಕ್ಕಟೆ ಊಟ, ಶಾಲು, ಫೋಟೊ. ಕೋವಿಡ್ ಬಂದಾಗ ಮಾತ್ರ ಈ ಸಂಘಕ್ಕೆ ಕೆಲಸ ಬಿತ್ತು. ಕೆಲಸ ಹೋಗಿ ಸಿಕ್ಕಿಬಿದ್ದವರನ್ನು ಊರಿಗೆ ಕಳಿಸಲು ವಿಮಾನ ಗೊತ್ತು ಮಾಡಬೇಕು, ಒಡವೆ ಅಡವಿಡೋಣ ಎಂದು ಸಮಿತಿಯವರು ಕೂಗಿದರು. ಆಫೀಸಿನವರ ಹೆಂಡಂದಿರ ಬಂಗಾರ ಬೀರುವಿನಿಂದ ಕದಲಲಿಲ್ಲ. ಆಮಿನಮ್ಮ ಸೊಂಟಪಟ್ಟಿ ಬಿಚ್ಚಿ ಕೊಟ್ಟಳು, ಮನೆಕೆಲಸದ ಕೆಲವು ಹೆಂಗಸರು ಗೆಜ್ಜೆ ಕೊಟ್ಟರು. ಅಷ್ಟರಲ್ಲಿ ವಿಮಾನದ ಏರ್ಪಾಡನ್ನು ಬೇರೆ ಯಾರೋ ಮಾಡಿದರು. ಬೆಳ್ಳಿ ಕೂಟದ ಕಪಾಟಿನಲ್ಲೇ ಉಳಿಯಿತು. ಕೇಳಿದಾಗಲೆಲ್ಲ ಕಾರ್ಯದರ್ಶಿ ಜೋಸ್ಟನ್ನನದು ಒಂದೇ ಉತ್ತರ: "ಆಡಿಟ್ ಆಗ್ಲಿ ಆಮಿನಮ್ಮ, ಎಲ್ಲ ಸಿಸ್ಟಮ್ಯಾಟಿಕ್ ಆಗಿ ಕೊಡುವ."

ಬಿರಿಯಾನಿಗೆ ಇನ್ನು ಮೇಲೆ ಎಲ್ಲರೂ ದುಡ್ಡಿನ ಪಾಲು ಹಾಕಬೇಕು ಎಂದು ಆಮಿನಮ್ಮ ಹೇಳಿದ ತಿಂಗಳಿನಿಂದ ಸಭೆಗೆ ಜನವೇ ಇಲ್ಲ. ಕೂಟ ಮುಚ್ಚುವುದೆಂದು ಆಯಿತು.

ಆಗ ಜೋಸ್ಟನ್ನನಿಗೆ ಅವನ ಆಫೀಸಿನ ಇಂಗ್ಲಿಷ್ ಮ್ಯಾನೇಜರ್ ರಗ್ಬಿಯ ಕಥೆ ಹೇಳಿದ. ಕಲ್ಕತ್ತಾದಲ್ಲಿ ಬಿಳಿಯರ ರಗ್ಬಿ ಕ್ಲಬ್ ಇತ್ತು. ಪುಕ್ಕಟೆ ಕುಡಿತ ನಿಂತಿತು, ಸೈನಿಕರ ಪಲ್ಟನ್ ಬೇರೆಡೆಗೆ ಹೋಯಿತು, ಉಳಿದವರು ಪೋಲೊ, ಟೆನಿಸ್ ಎಂದು ಜಾರಿಕೊಂಡರು. ಕ್ಲಬ್ ಮುಚ್ಚುವಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಕಪ್ ಮಾಡಿಸಿದರು. ಹಿಡಿಕೆಗೆ ಮೂರು ನಾಗರಹಾವು, ಮುಚ್ಚಳದ ಮೇಲೊಂದು ಆನೆ. ಇಂಗ್ಲೆಂಡು, ಸ್ಕಾಟ್ಲೆಂಡು ಇವತ್ತಿಗೂ ಅದಕ್ಕಾಗಿ ಕೆಸರಿನಲ್ಲಿ ಹೊರಳಾಡುತ್ತವೆ. ಹೆಸರು ಕಲ್ಕತ್ತಾ ಕಪ್. ಆಟ ಅಲ್ಲಿ, ಕಪ್ ಅಲ್ಲಿ, ಕಲ್ಕತ್ತಾದ ಪಾಲಿಗೆ ಬರೀ ಹೆಸರು. ಹಾವು ಕೆತ್ತಿದವನಿಗೆ ಅದೂ ಇಲ್ಲ.

ಬೇರೆಯವರಾಗಿದ್ದರೆ ಈ ಕಥೆ ಕೇಳಿ ಕ್ಯಾಕರಿಸಿ ಉಗಿಯುತ್ತಿದ್ದರು. ಜೋಸ್ಟನ್ನನ ಕಣ್ಣಲ್ಲಿ ನೀರು ಬಂತು. ಕೂಟದ ಬೆಳ್ಳಿಯಲ್ಲಿ 'ಕರಾವಳಿ ಕಪ್' ಮಾಡಿಸಿ ಮ್ಯಾನೇಜರ್ ಶುಕ್ರವಾರದ ರಜೆಯಲ್ಲಿ ನಡೆಸುವ ರಗ್ಬಿ ಪಂದ್ಯಕ್ಕೆ ಅರ್ಪಿಸಲು ಸಮಿತಿ ಒಪ್ಪಿತು. ಸಮಿತಿ ಎಂದರೆ ಜೋಸ್ಟನ್ ಮತ್ತು ಅವನ ಭಾವ.

ಆಮಿನಮ್ಮನನ್ನು ಯಾರೂ ಕೇಳಲಿಲ್ಲ. ಆದರೆ ಪಂದ್ಯದ ದಿನದ ಊಟಕ್ಕೆ ಆರ್ಡರ್ ಮಾತ್ರ ಅವಳಿಗೇ ಕೊಟ್ಟರು! ದರ್ಪ ಅಂದರೆ ಇದು. ಕದ್ದ ಮನೆಯಿಂದಲೇ ಊಟ ತರಿಸುವಷ್ಟು.

ಇಸುಬುವಿನ ಪಿಕಪ್ಪಿನಲ್ಲಿ ಬಿರಿಯಾನಿಯ ಹಂಡೆಗಳ ಜೊತೆ ಅವಳು ಅಲ್ ಅಜೈಬಾದ ಮೈದಾನಕ್ಕೆ ಬಂದಳು. ಮೇಜಿನ ಮೇಲೆ ಕಪ್ ಹೊಳೆಯುತ್ತಿತ್ತು. ಗೆಜ್ಜೆಗಳು ಕರಗಿ ಕಪ್ಪಿನ ಹೊಟ್ಟೆಯಾಗಿದ್ದವು. ಸೊಂಟಪಟ್ಟಿಯನ್ನು ಮಾತ್ರ ಮತ್ರಾ ಪೇಟೆಯ ಅಕ್ಕಸಾಲಿ ಕರಗಿಸಿರಲಿಲ್ಲ; ಹಾವು ಬೇಕೆಂದರಲ್ಲ, ಹೆಣಿಗೆ ಹಾವಿನಂತೆಯೇ ಇದೆಯೆಂದು ಎರಡು ತುಂಡು ಮಾಡಿ ಎರಡು ಕಡೆ ಹಿಡಿಕೆಯಾಗಿ ಬೆಸೆದಿದ್ದ. ಕೊಂಡಿಯೇ ಹೆಡೆ.

ಆಮಿನಮ್ಮ ಕೊಂಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಜೋಸ್ಟನ್, ಇದು ನನ್ನದಲ್ಲವಾ?"

"ಈಗ ಅದು ಎಲ್ಲರದ್ದು ಆಮಿನಮ್ಮ. ಹಿಸ್ಟರಿ ಆಗ್ತದೆ. ನೂರು ವರ್ಷ ಹೆಸರು ಉಳೀತದೆ."

"ಯಾರ ಹೆಸರು?"

"ಕೂಟದ್ದು."

"ಕೂಟ ಸತ್ತಿತಲ್ಲ ಮಾರಾಯ. ನಾನು ಬದುಕಿದ್ದೇನೆ." ಗಂಡನ ಕಡೆ ತಿರುಗಿದಳು. "ಎಂತ ನೋಡುದು? ಗರಗಸ ತನ್ನಿ. ಯಲ್ಲಾ."

ಇಸುಬು ಪಿಕಪ್ಪಿನಿಂದ ಹ್ಯಾಕ್‌ಸಾ ತಂದ. ಜೋಸ್ಟನ್ ಅವನ ತೋಳು ಹಿಡಿದು ಪಿಸುಗುಟ್ಟಿದ: "ಬಾಸ್ ನೋಡ್ತಾ ಇದ್ದಾರೆ, ಮರ್ಯಾದೆ ತೆಗೀಬೇಡಿ!"

"ನಿನ್ನ ಬಾಸಿಗೆ ಹೇಳು, ಬಿರಿಯಾನಿಯವಳ ಸೊಂಟದ್ದು ಅಂತ," ಎಂದಳು ಆಮಿನಮ್ಮ. "ಹೇಳ್ಲಿಕ್ಕೆ ನಾಚಿಕೆಯಾದ್ರೆ ಕೈ ಬಿಡು. ಇಲ್ಲದಿದ್ರೆ ನಾನೇ ಹೇಳ್ತೇನೆ, ಹಿಂದಿಯಲ್ಲಿ."

ಅವನು ಕೈ ಬಿಟ್ಟ. ಗರಗಸ ಕಿರುಗುಟ್ಟಿತು. ಮ್ಯಾನೇಜರ್ ಇದು ನಮ್ಮ ಕಡೆಯ ಯಾವುದೋ ಶಾಸ್ತ್ರವೆಂದುಕೊಂಡು ಚಪ್ಪಾಳೆ ತಟ್ಟಿ ಫೋಟೊ ತೆಗೆದ. ಜೋಸ್ಟನ್ನನೂ ಹಲ್ಲು ಕಿರಿದು ತಟ್ಟಿದ. ಸಂಜೆ ಗೆದ್ದವರು ಹಿಡಿಕೆಯಿಲ್ಲದ ಕಪ್ಪನ್ನು ಕೋಳಿಯಂತೆ ಕುತ್ತಿಗೆ ಹಿಡಿದು ಎತ್ತಿದರು.

ಎರಡು ತುಂಡುಗಳನ್ನು ಇಸುಬು ಗ್ಯಾರೇಜಿನಲ್ಲೇ ಉಕ್ಕಿನ ಬಳೆ ಹಾಕಿ ಜೋಡಿಸಿದ. ಮಗಳು ನಝೀರಾ ನಕ್ಕಳು: "ಉಮ್ಮಾ, ಇದನ್ನು ಈಗ ಯಾರು ಹಾಕ್ತಾರೆ? ಸೋ ಓಲ್ಡ್."

"ನಿನಗೆ ಯಾರು ಕೊಡ್ತೇನೆ ಅಂದದ್ದು?"

ಈಗ ಆಮಿನಮ್ಮ ಅದನ್ನು ಸೀರೆಯ ಮೇಲೆ ಬಿಗಿದುಕೊಂಡೇ ಒಲೆಯ ಮುಂದೆ ನಿಲ್ಲುತ್ತಾಳೆ. ಕಪಾಟನ್ನು ನಂಬುವುದಿಲ್ಲವಂತೆ. ಗೆಜ್ಜೆ ಕೊಟ್ಟ ಹೆಂಗಸರು ಊರು ಸೇರಿದ್ದಾರೆ. ಅವರ ಗೆಜ್ಜೆ ಮಾತ್ರ ಆ ಮ್ಯಾನೇಜರನ ಆಫೀಸಿನ ಗಾಜಿನ ಪೆಟ್ಟಿಗೆಯಲ್ಲಿ, ಕರಾವಳಿಯ ಹೆಸರು ಹೊತ್ತು ಕೂತಿದೆ.