ಬಸ್ಸಿನಲ್ಲಿ ಕೇಳಿದ ‘ಹಚಾ’

“ಹಚಾ ಸಾರ್, ದಯವಿಟ್ಟು ಹಚಾ” ಎನ್ನುತ್ತಾ ಕಿಕ್ಕಿರಿದ ವಿಜಯನಗರದ ಬಸ್ಸಿನಲ್ಲಿ ಜೋಸೆಫ್ ಕೈಮುಗಿದು ಮುಂದೆ ಬರುತ್ತಿದ್ದ. ಅದು ಎಂಬತ್ತರ ದಶಕ. ಕೀನ್ಯಾದಿಂದ ಓದಲು ಬಂದು ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಯುವಕ ಅವನು. ಬೀದಿನಾಯಿ ಅಡ್ಡಬಂದರೆ ಹಾಗೆನ್ನಬೇಕೆಂದು ನಮ್ಮತ್ತೆ ಹೇಳಿಕೊಟ್ಟಿದ್ದರು. ದಾರಿ ಬಿಡಿ ಎಂದು ಕೇಳುವ ಮರ್ಯಾದೆಯ ಮಾತು ಅದೆಂದು ಅವನು ತಿಳಿದಿದ್ದ.

ಪಂಚೆಯುಟ್ಟ ಹಿರಿಯರೊಬ್ಬರು, “ಯಾರಿಗೋ ಹಚಾ ಅಂತೀಯ?” ಎಂದು ಅವನ ಕಾಲರ್ ಹಿಡಿದರು. ಏಟು ಬೀಳುತ್ತದೆಂದು ಹೆದರಿ ನಾನು ನುಗ್ಗಿ ವಿಷಯ ತಿಳಿಸಿದೆ. ಅವರು ಕಾಲರ್ ಬಿಡದೆಯೇ ಪಾಠ ಶುರುಮಾಡಿದರು. “ಮನುಷ್ಯರಿಗೆ ‘ಸ್ವಲ್ಪ ಜರುಗಿ’ ಅನ್ಬೇಕು ಕಣಪ್ಪ. ಎಲ್ಲಿ, ಹೇಳು.” ಅವನು ಚೆನ್ನಾಗಿಯೇ ಹೇಳಿದ. ಒಬ್ಬರೂ ಜರುಗಲಿಲ್ಲ.

ಇವತ್ತಿಗೂ ಬಸ್ಸಿನಲ್ಲಿ ನಾನೆಷ್ಟು ಬೇಡಿಕೊಂಡರೂ ಜನ ಅಲುಗದಿದ್ದಾಗ, ನಮ್ಮತ್ತೆಯ ಪಾಠವೇ ಸರಿಯಿತ್ತೇನೋ ಅನ್ನಿಸುತ್ತದೆ.