ಏರಿಕ್ಕರೈ ಬೀದಿಗೆ ಬಂದ ಆನೆ

ಬಸ್ಸಿನಲ್ಲಿ ಬರುವಾಗ ಉದ್ದಕ್ಕೂ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡಿದ್ದೆ: ‘ವೀಡು ವಾಡಗೈಕ್ಕು ಇರುಕ್ಕಾ?’ ಬಾಡಿಗೆಗೆ ಮನೆ ಇದೆಯೇ ಎಂದು. ಹೊಸೂರಿನ ಅಂಚಿನ ಆ ಬೀದಿಯಲ್ಲಿ ಬೋರ್ಡುಗಳೆಲ್ಲ ತಮಿಳಿನಲ್ಲೇ ಇದ್ದವು. ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಜ್ಜಿಯೊಬ್ಬರ ಮುಂದೆ ನಿಂತು ಪಾಠ ಒಪ್ಪಿಸಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಅದ್ಯಾಕಮ್ಮೀ ಅಂಗ್ ತಡವರಿಸ್ತೀಯ? ಕನ್ನಡದಾಗೇ ಕೇಳು. ಮೇಲ್ಗಡೆ ಮನೆ ಖಾಲಿ ಐತೆ.”

ನಮ್ಮ ವಿಜಯಪುರದಿಂದ ಇಷ್ಟು ದೂರ, ಇನ್ನೊಂದು ರಾಜ್ಯಕ್ಕೆ ಬಂದು ಕೇಳಿದ ಮೊದಲ ಉತ್ತರ ಕನ್ನಡದ್ದು! ಆ ಅಜ್ಜಿಯೇ ನಮ್ಮ ಮನೆಯೊಡತಿ ಮುನಿಯಮ್ಮ. ನನ್ನ ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ. ನನಗೆ ಬಾಗಲೂರು ರಸ್ತೆಯ ಗುಲಾಬಿ ತೋಟದಲ್ಲಿ ಹೂ ವಿಂಗಡಿಸುವ ಕೆಲಸ ಸಿಕ್ಕಿತು.

ಬೀದಿಯ ಹೆಸರು ಏರಿಕ್ಕರೈ ತೆರು. ನಮ್ಮ ಕನ್ನಡದಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. ತಮಿಳಿನಲ್ಲಿ ಏರಿ ಎಂದರೆ ಕೆರೆಯೇ, ಕರೈ ಎಂದರೆ ದಡ. ಆದರೆ ದಡದ ಮುಂದೆ ಇರಬೇಕಾದ ನೀರು ಎಲ್ಲಿ? ನಾಲ್ಕು ಬೀದಿ ಆಚೆಗೆ ಜೊಂಡು ತುಂಬಿದ ಒಂದಿಷ್ಟು ನೀರು ಕಾಣುತ್ತಿತ್ತು, ಅಷ್ಟೆ. ನಡುವೆಯೆಲ್ಲ ಸೈಟುಗಳು, ಮನೆಗಳು. ನಾನು ಅದನ್ನು ಯಾರನ್ನೂ ಕೇಳಲಿಲ್ಲ. ನನಗೆ ಬೇರೆ ಚಿಂತೆಗಳಿದ್ದವು. ಊರಲ್ಲಿ ಮೂರು ಹೊತ್ತೂ ಜೋಳದ ರೊಟ್ಟಿ ತಿಂದವಳಿಗೆ ಇಲ್ಲಿ ಜೋಳದ ಹಿಟ್ಟೇ ಸಿಗದು. ರೇಷನ್ ಅಂಗಡಿಯಲ್ಲಿ ತಮಿಳು, ಹೂವಿನಾಕೆಯ ಹತ್ತಿರ ತೆಲುಗು, ಚಹಾದಂಗಡಿಯಲ್ಲಿ ಹಿಂದಿ. ಬೀದಿಯ ತುಂಬ ಮಾತಿದ್ದರೂ ಎದುರು ಮನೆಯವರ ಹೆಸರು ಗೊತ್ತಾಗಲು ತಿಂಗಳುಗಳೇ ಹಿಡಿದವು. ನಮ್ಮಲ್ಲಾದರೆ ಅಷ್ಟರಲ್ಲಿ ಅವರ ಅಡುಗೆಮನೆಯಲ್ಲಿ ಕೂತು ಉಂಡಾಗಿರುತ್ತಿತ್ತು.

ರಾಗಿ ಕೊಯ್ಲು ಮುಗಿದ ಚಳಿಗಾಲದ ಒಂದು ಬೆಳಗ್ಗೆ ತೋಟದ ವ್ಯಾನಿಗೆಂದು ಕೆಳಗಿಳಿದೆ. ಬೆಳಕು ಹರಿದಿತ್ತು, ಮಂಜು ಕರಗಿರಲಿಲ್ಲ. ತಿರುವಿನಲ್ಲಿ ನೀರಿನ ಟ್ಯಾಂಕರ್ ನಿಂತಂತೆ ಕಂಡಿತು. ಟ್ಯಾಂಕರ್ ಕಿವಿ ಅಲ್ಲಾಡಿಸಿತು.

ಇದ್ದಲ್ಲೇ ನಿಂತುಬಿಟ್ಟೆ. ವಿಜಯಪುರದ ಬಯಲಲ್ಲಿ ಬೆಳೆದವಳು ನಾನು. ಅಂಕುಶ, ಮಾವುತ ಇಲ್ಲದ ಆನೆಯನ್ನು ಕನಸಿನಲ್ಲೂ ಕಂಡಿರಲಿಲ್ಲ. ಬಾಗಿಲು ಗುಡಿಸುತ್ತಿದ್ದ ಮುನಿಯಮ್ಮ ಪೊರಕೆ ಬಿಸಾಕಿ, ನನ್ನ ಸೆರಗು ಹಿಡಿದು ಒಳಕ್ಕೆ ಎಳೆದರು.

“ಓಡ್ಬ್ಯಾಡ, ಕೂಗ್ಬ್ಯಾಡ. ಅದರ ದಾರಿ ಅದು ನೋಡ್ಕಂಡು ಓಯ್ತದೆ.”

ಆದರೆ ದಾರಿ ಮುಚ್ಚಿತ್ತು. ಬೀದಿಯ ಕೊನೆಯ ಸೈಟಿಗೆ ಹೊಸದಾಗಿ ಕಾಂಪೌಂಡ್ ಎದ್ದಿತ್ತು. ಆನೆ ಹಿಂದಿರುಗಲಿಲ್ಲ, ಗೋಡೆಗೆ ಹಣೆ ಕೊಟ್ಟು ನೂಕತೊಡಗಿತು. ಆ ಗೋಡೆಯ ಒಳಬದಿಗೆ ಆನಿಸಿದ ತಗಡಿನ ಶೆಡ್ಡಿನಲ್ಲಿ ಗಾರೆ ಕೆಲಸಕ್ಕೆ ಒಡಿಶಾದಿಂದ ಬಂದ ಗಂಡ ಹೆಂಡತಿ ಮಲಗಿದ್ದರು, ಹಸುಗೂಸಿನ ಜೊತೆ.

ನಾವಿಬ್ಬರೂ ತಾರಸಿಗೆ ಓಡಿದೆವು. “ಎದ್ದೇಳ್ರೋ! ಆನೆ!” ಎಂದು ಮುನಿಯಮ್ಮ ಕಿರುಚಿದರು. ಪಕ್ಕದ ತಾರಸಿಯಿಂದ “ಯಾನೈ! ಯಾನೈ!” ಎಂದರು. ಹೂವಿನಾಕೆ “ಏನುಗು!” ಎಂದು ಬೊಬ್ಬೆಯಿಟ್ಟಳು. ಶೆಡ್ಡಿನ ಗಂಡಸು ಬಾಗಿಲು ತೆರೆದು, ಇವರೇಕೆ ಕೂಗುತ್ತಿದ್ದಾರೆಂದು ತಿಳಿಯದೆ, ಕಣ್ಣುಜ್ಜುತ್ತಾ ಅಲ್ಲೇ ನಿಂತ. ಗೋಡೆ ಆಗಲೇ ಬಿರುಕು ಬಿಟ್ಟಿತ್ತು.

ನಮ್ಮೂರ ಬಜಾರಿನಲ್ಲಿ ಕಲಿತ ಹಿಂದಿ ನನ್ನ ಗಂಟಲಿನಿಂದ ತಾನಾಗಿ ಬಂತು. “ಹಾಥೀ ಹೈ! ಬಚ್ಚೇ ಕೋ ಲೇಕೇ ಭಾಗೋ!” ಮಗುವನ್ನು ಎತ್ತಿಕೊಂಡು ಓಡಿ ಎಂದು.

ಅವನು ಒಳಗೆ ಹಾರಿದ. ಅವಳು ಕೂಸನ್ನು ಎದೆಗವಚಿಕೊಂಡು ಹೊರಬಿದ್ದಳು, ಹಿಂದೆಯೇ ಅವನು. ಅವರು ಸೈಟಿನ ಪಕ್ಕದ ರಸ್ತೆ ತಲುಪುವಷ್ಟರಲ್ಲಿ ಗೋಡೆ ಶೆಡ್ಡಿನ ಮೇಲೆ ಕುಸಿಯಿತು. ತಗಡು ನೆಲಕ್ಕೆ ಚಪ್ಪಟೆಯಾಯಿತು. ಆನೆ ಇಟ್ಟಿಗೆಗಳ ಮೇಲೆ ಕಾಲಿಟ್ಟು, ನೇರವಾಗಿ ಜೊಂಡಿನ ನೀರಿಗೆ ಇಳಿಯಿತು. ಅರಣ್ಯದವರು ಬಂದು ಪಟಾಕಿ ಸಿಡಿಸಿ ಅದನ್ನು ಡೆಂಕಣಿಕೋಟೆ ಕಾಡಿನ ಕಡೆಗೆ ಅಟ್ಟಿದರು.

ಆ ಹೆಂಗಸಿನ ಹೆಸರು ಸಬಿತಾ. ಮುನಿಯಮ್ಮನ ನಡುಮನೆಯಲ್ಲಿ ಕೂತರೂ ಅವಳು ಕೂಸನ್ನು ಎದೆಯಿಂದ ಇಳಿಸಲಿಲ್ಲ. ಮುನಿಯಮ್ಮ ಬಿಸಿ ರಾಗಿ ಗಂಜಿ ಕುಡಿಸಿದರು. ಕುಡಿಸುತ್ತಾ ತಾವೇ ಅತ್ತರು.

“ಆ ಗೋಡೆ ಇದ್ದಿದ್ದು ನಮ್ಮ ಹೊಲದಾಗೆ ಕಣಮ್ಮೀ. ಬೀದಿಯೆಲ್ಲ ರಾಗಿ ಹೊಲ, ಆಚೆಗೆ ಕೆರೆ. ನಾನು ಸೊಸೆಯಾಗಿ ಬಂದಾಗ ಅಟ್ಟಣೆ ಮ್ಯಾಲೆ ಕುಂತು ತಮಟೆ ಬಡೀತಿದ್ದೆ. ಆವಾಗ್ಲೂ ಇಂಗೇ ನೀರಿಗೆ ಬರೋವು. ಆಮೇಲೆ ಕಂಪನಿಗಳು ಬಂದ್ವು, ನನ್ನ ಮಕ್ಕಳು ಹೊಲ ಮಾರ್ಬುಟ್ರು, ಕೆರೆಗೂ ಮಣ್ಣು ಸುರಿದ್ರು. ಆನೆಗೆ ಯಾರ್ ಯೋಳ್ತಾರೆ, ಇದು ಈಗ ಹೊಲ ಅಲ್ಲ ಅಂತ?”

ಅಷ್ಟು ದಿನ ನಾನು ಬಟ್ಟೆ ಒಣಹಾಕಿದ್ದು, ಪರವೂರೆಂದು ಮರುಗಿದ್ದು ಆ ಹೊಲದ ಮೇಲೆ. ನನಗೆ ಅದರ ಸುಳಿವೇ ಇರಲಿಲ್ಲ. ಇನ್ನೂ ನಂಬಲಾಗದ್ದೆಂದರೆ, ಸೈಟಿನ ಮಾಲೀಕ ಬಂದು ಬಿದ್ದ ಗೋಡೆಯನ್ನು ನೋಡಿ, ಅದೇ ಜಾಗದಲ್ಲಿ ಇನ್ನೂ ಎತ್ತರದ ಗೋಡೆ ಕಟ್ಟಿಸಿದ್ದು. ಕಟ್ಟಿದ್ದು ಸಬಿತಾಳ ಗಂಡನೇ. ಆದರೆ ಅವರೀಗ ಅಲ್ಲಿ ಮಲಗುವುದಿಲ್ಲ. ಮುನಿಯಮ್ಮನ ಹಿತ್ತಲ ಕೋಣೆಯಲ್ಲಿದ್ದಾರೆ.

ಸುದ್ದಿ ಕೇಳಿ ಅವ್ವ ಊರಿನಿಂದ ಫೋನ್ ಮಾಡಿದಳು. “ಆನಿ ಬರೂ ಊರಾಗ ಯಾಕ ಇರ್ತೀ? ಇಬ್ರೂ ಗಂಟು ಕಟ್ಕೊಂಡು ಬಂದಬಿಡ್ರಿ.”

“ಹಬ್ಬಕ್ಕೆ ಬತ್ತೀನಿ ಕಣವ್ವ,” ಎಂದೆ.

ಅವ್ವ ನಿಧಾನಕ್ಕೆ ಕೇಳಿದಳು, “ಯಾರ ಮಾತವಾ ಇದು, ನಿನ್ನ ಬಾಯಾಗ?”

ನನಗೇ ದಿಗಿಲಾಯಿತು. ಏನೋ ಹೇಳಬೇಕೆನ್ನುವಷ್ಟರಲ್ಲಿ ಕೆಳಗಿನಿಂದ ಮುನಿಯಮ್ಮನ ಕೂಗು: “ಏ ಬಿಜಾಪುರದಮ್ಮೀ, ನೀರ್ ಬಂತು, ಬಿಂದಿಗೆ ತತ್ತಾ!”