ಅಡುಗೆ ಗ್ಯಾಸಿನ ಕಾರು

ಮೊನ್ನೆ ಅಣ್ಣನ ಮಗ ಹೈಬ್ರಿಡ್ ಕಾರಿನ ಚಿತ್ರಗಳನ್ನು ಹಿಡಿದುಕೊಂಡು ಬಂದು, ಬ್ಯಾಟರಿಯಲ್ಲೂ ಓಡುತ್ತದೆ, ಪೆಟ್ರೋಲಿನಲ್ಲೂ ಓಡುತ್ತದೆ, ಸಣ್ಣ ಕಾರು, ಖರ್ಚು ಕಡಿಮೆ ಎಂದು ಅರ್ಧ ಗಂಟೆ ಕೊರೆದ. ಕೇಳಿ ಕೇಳಿ ನನಗೆ ರೇಗಿತು. ಎರಡು ಇಂಧನದ ಕಾರನ್ನು ತೊಂಬತ್ತರ ದಶಕದ ಕೊನೆಯಲ್ಲೇ ದಾವಣಗೆರೆಯಲ್ಲಿ ಓಡಿಸಿದವಳು ನಾನು. ನನಗೇ ಪಾಠ ಹೇಳಲು ಬಂದಿದ್ದಾನೆ!

ಆಗ ನಾನು ಬಿ.ಕಾಂ. ಮುಗಿಸಿ ಆನೆಕೊಂಡ ಬಡಾವಣೆಯ ಮನೆಯಲ್ಲಿ ಕೂತಿದ್ದೆ. ಅಮ್ಮನ ತಾಯಿಗೆ, ಅಂದರೆ ನಮ್ಮ ಹರಿಹರದ ಅಜ್ಜಿಗೆ, ಲಕ್ವ ಹೊಡೆದು ಬಲಗೈ ಬಲಗಾಲು ಸೋತಿದ್ದವು. ಉಕ್ಕಡಗಾತ್ರಿಯ ದೇವರಿಗೆ ಹರಕೆ ಹೊತ್ತು ಬಂದದ್ದೂ ಆಗಿತ್ತು. ದಾವಣಗೆರೆಯ ಡಾಕ್ಟರು, ವಾರಕ್ಕೆರಡು ಸಲ ಕರೆತಂದು ಕೈಕಾಲಿಗೆ ಕರೆಂಟ್ ಇಡಿಸಿದರೆ ಮತ್ತೆ ನಡೆದಾಡಬಹುದು, ನಡುವೆ ಬಿಟ್ಟರೆ ಮಾತ್ರ ಆಸೆ ಬಿಡಿ ಎಂದಿದ್ದರು. ನಮ್ಮ ಮನೆಯಲ್ಲೇ ಇರು ಎಂದು ಅಮ್ಮ ಅತ್ತು ಕರೆದು ಕೇಳಿಕೊಂಡಳು. ಅಜ್ಜಿ ಜಗ್ಗಲಿಲ್ಲ.

"ಗಂಡುಮಗ ಅದಾನೆ ನನಿಗೆ. ಬೀಗರ ಮನ್ಯಾಗೆ ಬಿದ್ಕಂಡಿರಾಕೆ ನಾನೇನು ದಿಕ್ಕಿಲ್ಲದಾಕಿನಾ? ಹೊತ್ತು ಮುಳುಗಾದ್ರೊಳಗೆ ನನ್ ಮನಿಗೆ ಬಿಡ್ರಿ."

ಹೀಗಾಗಿ ಅಪ್ಪ ಯಾರೋ ಓಡಿಸಿ ಬಿಟ್ಟ ಒಂದು ಸಣ್ಣ ಬಿಳಿ ಕಾರು ತಂದರು. ಕಿರಾಣಿ ಅಂಗಡಿಯ ಗಳಿಕೆಯಲ್ಲಿ ಕಾರು ಕೊಳ್ಳುವುದು ಹೇಗೋ ಆಯಿತು, ವಾರಕ್ಕೆರಡು ದಿನ ಹರಿಹರಕ್ಕೆ ಎರಡೆರಡು ಸಲ ಹೋಗಿಬರುವಷ್ಟು ಪೆಟ್ರೋಲ್ ಕುಡಿಸುವುದು ಆಗದ ಮಾತು. ಗ್ಯಾರೇಜಿನವನು ಗ್ಯಾಸ್ ಕಿಟ್ ಕೂಡಿಸಿ, ಅಡುಗೆಮನೆಯ ಸಿಲಿಂಡರನ್ನೇ ಡಿಕ್ಕಿಯಲ್ಲಿಟ್ಟು ಕೊಟ್ಟ. ಕಾಯಿದೆಗೆ ವಿರುದ್ಧ, ಅಪಾಯ ಬೇರೆ. ಆದರೆ ಊರಲ್ಲಿ ಎಷ್ಟೋ ಕಾರುಗಳು ಹಾಗೆಯೇ ಓಡುತ್ತಿದ್ದವು, ನಮಗೂ ಅದೇ ಧೈರ್ಯ. ಅಪ್ಪ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಓಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಆ ಕಾರನ್ನು ನಾನು ಎಷ್ಟು ಪ್ರೀತಿಸಿದೆ! ಸ್ಟೀರಿಂಗ್ ಕೆಳಗೆ ಒಂದು ಸ್ವಿಚ್ಚು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿಯಾದ ಮೇಲೆ ಟಕ್ಕೆಂದು ಗ್ಯಾಸಿಗೆ ಒತ್ತಬೇಕು. ಒಂದು ಸಲ ಕೆಮ್ಮಿ, ಸಾವರಿಸಿಕೊಂಡು ಓಡುತ್ತಿತ್ತು. ಪಿ.ಬಿ. ರಸ್ತೆಯಲ್ಲಿ ಲಾರಿಗಳ ನಡುವೆ ಹುಡುಗಿಯೊಬ್ಬಳು ಕಾರು ಓಡಿಸುವುದನ್ನು ನೋಡಲು ಜನ ಸೈಕಲ್ ನಿಲ್ಲಿಸುತ್ತಿದ್ದರು. ನಾನು ಬೇಕೆಂದೇ ಹಾರ್ನ್ ಹೊಡೆಯುತ್ತಿದ್ದೆ. ಕಿಟಕಿಯ ಗಾಳಿಗೆ ಮುಖ ಕೊಟ್ಟು ಅಮ್ಮ, ಅಜ್ಜಿ ದಾರಿಯುದ್ದಕ್ಕೂ ಮಾತಾಡಿಕೊಂಡು ನಗುತ್ತಿದ್ದರು. ಅಷ್ಟು ಸುಖದ ಪ್ರಯಾಣ ನನಗೆ ಮತ್ತೆ ಸಿಕ್ಕಿಲ್ಲ.

ನಮಗಿದ್ದದ್ದು ಒಂದೇ ಸಿಲಿಂಡರ್. ಅದು ಕಾರಿಗೆ ಹೋದ ಮೇಲೆ ಅಮ್ಮ ಅಟ್ಟದಿಂದ ಸೀಮೆಎಣ್ಣೆ ಸ್ಟವ್ ಇಳಿಸಿದಳು. ಪಿನ್ ಹಾಕುವುದು, ಪಂಪ್ ಹೊಡೆಯುವುದು, ಹೊಗೆಗೆ ಕಣ್ಣೊರೆಸಿಕೊಳ್ಳುವುದು. ಒಂದು ದಿನ ಬೆಂಕಿ ಭಗ್ಗೆಂದು ಎದ್ದು ಮುಂಗೈ ಸುಟ್ಟಿತು. ಕರೆಂಟ್ ಇಡಿಸಿಕೊಂಡು ನಮ್ಮಲ್ಲಿ ಊಟಕ್ಕೆ ಕೂತ ಅಜ್ಜಿ ಪ್ರತಿ ಸಲ ಕೇಳುತ್ತಿದ್ದಳು.

"ರೊಟ್ಟಿ ಸೀಮೆಎಣ್ಣಿ ನಾರ್ತೈತಲ್ಲೇ. ಗ್ಯಾಸ್ ಏನಾತು?"

"ಖಾಲಿ ಆಗೇತವ್ವ. ನಂಬರ್ ಹಚ್ಚೀವಿ, ಬರಬೇಕು."

ಗ್ಯಾಸಿಗೆ ವಾರಗಟ್ಟಲೆ ಕಾಯುವ ಕಾಲ, ಆದ್ದರಿಂದ ಅಜ್ಜಿ ನಂಬಿದಳು. ಡಿಕ್ಕಿಯ ಸಿಲಿಂಡರಿನ ಮೇಲೆ ಸದಾ ಜಮಖಾನ ಹೊದಿಸಿರುತ್ತಿದ್ದೆವು. "ಅವ್ವಗೆ ಗೊತ್ತಾದ್ರೆ ಕಾರು ಹತ್ತಾದೇ ಬಿಡ್ತಾಳೆ, ಬಾಯಿ ಬಿಟ್ಟೀಯ" ಎಂದು ಅಮ್ಮ ನನ್ನನ್ನು ಎಚ್ಚರಿಸಿದ್ದಳು. ಅಷ್ಟರಲ್ಲಿ ಅಜ್ಜಿ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುವಷ್ಟಾಗಿದ್ದಳು.

ಒಂದು ಮಧ್ಯಾಹ್ನ ನಾನೊಬ್ಬಳೇ ಅಜ್ಜಿಯನ್ನು ಕರೆತರುವಾಗ ಕಾರು ನಡುದಾರಿಯಲ್ಲಿ ನಿಂತಿತು. ಪೆಟ್ರೋಲ್ ಮುಗಿದಿತ್ತು, ಗ್ಯಾಸ್ ಬರುತ್ತಿರಲಿಲ್ಲ. ಉರಿಬಿಸಿಲಲ್ಲಿ ಡಿಕ್ಕಿ ತೆಗೆದು ಜಮಖಾನ ಎಳೆದು ರೆಗ್ಯುಲೇಟರ್ ತಿರುವುತ್ತ ನಿಂತೆ. ಅಜ್ಜಿ ಕಷ್ಟಪಟ್ಟು ಕತ್ತು ಹೊರಳಿಸಿ ನೋಡಿದಳು.

"ಅಡಿಗಿ ಮನಿ ಸಿಲಿಂಡರ್ ಇದ್ದಂಗೈತಲ್ಲೇ ಅದು?"

ಬೆವರು, ಧೂಳು, ಸಿಟ್ಟು. "ಹೌದು, ಅದೇ. ನೀನು ನಮ್ ಮನ್ಯಾಗೆ ಇರಲ್ಲ ಅಂತ ಹಟ ಹಿಡಿದೀಯಲ್ಲ, ಅದಕ್ಕೇ ಅಮ್ಮ ಕೈ ಸುಟ್ಕಂಡು ಸ್ಟವ್ ಮುಂದೆ ಸಾಯಾಕತ್ಯಾಳೆ!"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆ ಮಾತಿಗೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಅಜ್ಜಿ ಕತ್ತು ಮುಂದಕ್ಕೆ ತಿರುಗಿಸಿಕೊಂಡಳು. ಹೇಗೋ ಕಾರು ಹೊರಟಿತು. ಆ ದಿನ ಊಟಕ್ಕೆ ಕೂತಾಗ ಅಜ್ಜಿ ಗ್ಯಾಸಿನ ಸುದ್ದಿ ಎತ್ತಲಿಲ್ಲ. ಬಡಿಸಲು ಬಗ್ಗಿದ ಅಮ್ಮನ ಕೈಯನ್ನು ಎಡಗೈಯಲ್ಲಿ ಹಿಡಿದು, ಸುಟ್ಟ ಕಲೆಯನ್ನು ಸುಮ್ಮನೆ ನೋಡಿದಳು. ಇನ್ನು ಈಕೆ ಕಾರು ಹತ್ತುವುದಿಲ್ಲ, ನನ್ನಿಂದಲೇ ಎಲ್ಲ ಹಾಳಾಯಿತು ಎಂದು ನಾನು ಅರ್ಧ ಊಟಕ್ಕೇ ಕೈ ತೊಳೆದೆ.

ಸಂಜೆ ಕಾರು ಬಾಗಿಲಿಗೆ ತಂದೆ. ಅಜ್ಜಿ ಮಂಚ ಬಿಟ್ಟು ಏಳಲಿಲ್ಲ.

"ಏಳವ್ವ, ಹೊತ್ತು ಮುಳುಗ್ತೈತೆ" ಎಂದಳು ಅಮ್ಮ.

"ಮುಳುಗ್ಲಿ ಬಿಡು. ಆ ಸಿಲಿಂಡರ್ ತಂದು ಒಳಗೆ ಇಡ್ರಿ ಮೊದ್ಲು. ಇಲ್ಲೇ ಇರ್ತೀನಿ."

ಅಮ್ಮ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳು ಬೈಯಲಿಲ್ಲ, ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಅಜ್ಜಿ ಗೋಡೆಯ ಕಡೆ ಹೊರಳಿ ಮಲಗಿ ನನ್ನನ್ನು ಹತ್ತಿರ ಕರೆದಳು.

"ಹರಿಹರಕ್ಕೆ, ನಿಮ್ಮ ಮಾವಗೆ ಫೋನ್ ಮಾಡು. ಡಾಕ್ಟ್ರು ಇಲ್ಲೇ ಇರ್ಬೇಕು ಅಂದಾರೆ ಅಂತ ಹೇಳು. ನಾನಾಗೇ ಉಳ್ಕಂಡೆ ಅನ್ಬ್ಯಾಡ."

ಬೂತಿಗೆ ಹೋಗಿ ಹಾಗೆಯೇ ಹೇಳಿದೆ.